ಹಗ್ಗ ಎಳೆಯುವ ಅಧಿಕಾರ ಯಾರಿಗಿದೆ?

ನಾಯಕತ್ವ, ಆಡಳಿತ, ಹೊಸ ಆಲೋಚನೆ, ಸಂಸ್ಥೆಗಳ ಪರಿವರ್ತನೆ ಎಂಬ ವಿಷಯಗಳ ಮೇಲೆ ಗ್ರಂಥಗಳಿಗೆ ಬರವಿಲ್ಲ. ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ಉದ್ಯೋಗದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದವರು ಇಂಥ ಪುಸ್ತಕಗಳನ್ನು ಓದಿ ಜಗಲಿಯಲ್ಲೇ ಬಿಟ್ಟು ಹೋಗುತ್ತಾರೆ. ಹಾಗೆ ಕೈಗೆ ಬಂದ ಹಲವನ್ನು ಈ ಮಳೆಗಾಲದ ಬಿಡುವಿನಲ್ಲಿ ನಾವು ಓದಿ ನೋಡಿದೆವು. ಎರಡೆಕರೆ ಅಡಿಕೆ, ಮೂರೆಕರೆ ಕಾಫಿ ಇಟ್ಟುಕೊಂಡ ಬೆಳೆಗಾರನಿಗೂ, ಅಂಥವರೇ ಕೂಡಿ ಕಟ್ಟಿಕೊಂಡ ಸಹಕಾರಿ ಸಂಘಕ್ಕೂ ಅಮೆರಿಕದ ದೊಡ್ಡ ಕಂಪನಿಗಳ ಕಥೆಯಿಂದ ಆಗಬೇಕಾದದ್ದೇನು ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಓದಿದ್ದರಲ್ಲಿ ಮುಕ್ಕಾಲು ಪಾಲು ಜೊಳ್ಳು ಎಂದೇ ನಮ್ಮ ಅಭಿಪ್ರಾಯ. ಉಳಿದ ಕಾಲು ಪಾಲಿನಲ್ಲಿ ಒಂದು ಮೋಟಾರು ಕಾರ್ಖಾನೆಯ ವೃತ್ತಾಂತವಿದೆ. ಅದು ನಮ್ಮ ಖರೀದಿ ಕೇಂದ್ರಕ್ಕೂ ತೋಟದ ಕೆಲಸಕ್ಕೂ ನೇರವಾಗಿ ತಾಗುತ್ತದೆಂದು ತೋರಿದ್ದರಿಂದ ಈ ಲೇಖನ.

ಮೊದಲು ಜೊಳ್ಳಿನ ವಿಚಾರ ಹೇಳಿ ಮುಗಿಸುತ್ತೇವೆ. 1982ರಲ್ಲಿ ಪೀಟರ್ಸ್ ಮತ್ತು ವಾಟರ್‌ಮನ್ ಎಂಬಿಬ್ಬರು 'ಇನ್ ಸರ್ಚ್ ಆಫ್ ಎಕ್ಸಲೆನ್ಸ್' ಎಂಬ ಗ್ರಂಥ ಬರೆದರು. ಆಗ ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳನ್ನು ಆರಿಸಿ, ಅವು ಏನು ಮಾಡುತ್ತವೆಂದು ನೋಡಿ, ಅದನ್ನೇ ಎಲ್ಲರಿಗೂ ಬೋಧಿಸಿದರು. ಲಕ್ಷಾಂತರ ಪ್ರತಿಗಳು ಖರ್ಚಾದವು. ಕೆಲವೇ ವರ್ಷಗಳಲ್ಲಿ ಆ ಕಂಪನಿಗಳಲ್ಲಿ ಹಲವು ಮುಗ್ಗರಿಸಿದವು. 2001ರಲ್ಲಿ ಜಿಮ್ ಕಾಲಿನ್ಸ್ ಎಂಬವರ 'ಗುಡ್ ಟು ಗ್ರೇಟ್' ಬಂತು. ಸಾಧಾರಣ ಸ್ಥಿತಿಯಿಂದ ಶ್ರೇಷ್ಠ ಸ್ಥಿತಿಗೇರಿದ 11 ಕಂಪನಿಗಳನ್ನು ಅವರು ಎತ್ತಿ ತೋರಿಸಿದ್ದರು. ಆ ಹನ್ನೊಂದರಲ್ಲಿ ಸರ್ಕ್ಯೂಟ್ ಸಿಟಿ ಎಂಬುದು 2008ರಲ್ಲಿ ದಿವಾಳಿ ಅರ್ಜಿ ಹಾಕಿತು. ಫ್ಯಾನಿ ಮೇ ಎಂಬುದನ್ನು ಅದೇ ವರ್ಷ ಅಮೆರಿಕ ಸರಕಾರವೇ ತನ್ನ ಸುಪರ್ದಿಗೆ ತೆಗೆದುಕೊಳ್ಳಬೇಕಾಯಿತು. ಗೆದ್ದವರನ್ನಷ್ಟೇ ಕೇಳುವುದರಲ್ಲಿರುವ ಈ ದೋಷವನ್ನು ಫಿಲ್ ರೋಜೆನ್‌ಜ್ವೈಗ್ ಎಂಬ ಪ್ರಾಧ್ಯಾಪಕರು 2007ರಲ್ಲೇ 'ದಿ ಹೇಲೋ ಎಫೆಕ್ಟ್' ಎಂಬ ಪುಸ್ತಕದಲ್ಲಿ ವಿವರವಾಗಿ ಎತ್ತಿ ಆಡಿದ್ದಾರೆ.

ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಪ್ರಾಧ್ಯಾಪಕರು ಬೇಕಾಗಿಲ್ಲ. ಕೊಳೆರೋಗ ಬಿದ್ದ ವರ್ಷ ಯಾರದೋ ಒಂದು ತೋಟ ಉಳಿಯಿತೆನ್ನಿ. ಊರವರೆಲ್ಲ ಹೋಗಿ ಆ ಯಜಮಾನರನ್ನು ಕೇಳುತ್ತಾರೆ. ಅವರು ತಾವು ಮಾಡಿದ್ದನ್ನೆಲ್ಲ ಹೇಳುತ್ತಾರೆ: ಮೈಲುತುತ್ತದ ಬ್ರಾಂಡು, ಸುಣ್ಣದ ಗುಣ, ಮದ್ದು ಹೊಡೆದ ದಿನದ ನಕ್ಷತ್ರ, ನಾಗನಿಗೆ ಕೊಟ್ಟ ತಂಬಿಲ. ಅದನ್ನೆಲ್ಲ ಅಷ್ಟೇ ಶ್ರದ್ಧೆಯಿಂದ ಮಾಡಿಯೂ ಫಸಲು ಕಳೆದುಕೊಂಡ ಆಚೆ ಮನೆಯವರನ್ನು ಯಾರೂ ಕೇಳುವುದಿಲ್ಲ. ಮದ್ದಿನ ಗುಣ ನಿಜವಾಗಿ ತಿಳಿಯಬೇಕಾದರೆ ಒಂದೇ ತೋಟದಲ್ಲಿ, ಒಂದೇ ಮಣ್ಣಿನಲ್ಲಿ, ನಾಲ್ಕು ಸಾಲಿಗೆ ಹೊಡೆದು ನಾಲ್ಕು ಸಾಲಿಗೆ ಬಿಟ್ಟು ನೋಡಬೇಕು. ಸಂಸ್ಥೆಗಳ ವಿಷಯದಲ್ಲಿ ಅಂಥ ಪರೀಕ್ಷೆ ಸಾಮಾನ್ಯವಾಗಿ ಆಗುವುದಿಲ್ಲ. ಅದೇ ಕಟ್ಟಡ, ಅದೇ ಜನ, ಆಡಳಿತದ ರೀತಿ ಮಾತ್ರ ಬೇರೆ ಎಂಬುದು ಎಲ್ಲಿ ಸಿಕ್ಕೀತು? ಅಪರೂಪಕ್ಕೆ ಒಂದು ಕಡೆ ಸಿಕ್ಕಿದೆ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಫ್ರೀಮಾಂಟ್ ಎಂಬ ಊರಿದೆ. ಅಲ್ಲಿ ಜನರಲ್ ಮೋಟಾರ್ಸ್ ಕಂಪನಿ 1960ರ ದಶಕದ ಆರಂಭದಲ್ಲಿ ಒಂದು ಕಾರು ಜೋಡಿಸುವ ಕಾರ್ಖಾನೆ ತೆರೆಯಿತು. ಜೋಡಣೆಯ ಕ್ರಮ ಎಲ್ಲ ಕಡೆ ಒಂದೇ. ಉದ್ದನೆಯ ಸಾಲಿನಲ್ಲಿ ಕಾರಿನ ಹಂದರ ನಿಧಾನವಾಗಿ ಸರಿಯುತ್ತ ಹೋಗುತ್ತದೆ. ಎರಡು ಬದಿ ನಿಂತ ಕೆಲಸಗಾರರಲ್ಲಿ ಒಬ್ಬ ಬಾಗಿಲು, ಒಬ್ಬ ಚಕ್ರ, ಒಬ್ಬ ಆಸನ ಹೀಗೆ ತನ್ನ ಪಾಲಿನದನ್ನು ಒಂದು ನಿಮಿಷದೊಳಗೆ ಕೂಡಿಸಬೇಕು. ಅಲ್ಲಿದ್ದ ಅಲಿಖಿತ ಕಾನೂನು ಒಂದೇ: ಸಾಲು ನಿಲ್ಲಕೂಡದು. ತಿರುಪು ಅಡ್ಡ ಹೋದರೂ, ಭಾಗ ತಪ್ಪಿ ಕೂತರೂ ಕಾರು ಮುಂದೆ ಹೋಗಲೇಬೇಕು. ತಪ್ಪಿದ್ದನ್ನು ಕಡೆಗೆ ಹೊರಗಿನ ಅಂಗಳದಲ್ಲಿ ನಿಲ್ಲಿಸಿ, ಮತ್ತೆ ಬಿಚ್ಚಿ, ಬೇರೆಯವರು ಸರಿಮಾಡಬೇಕು. ದಿನದ ಲೆಕ್ಕ ಕಾರಿನ ಸಂಖ್ಯೆಯದು. ಗುಣದ ಲೆಕ್ಕ ಆಮೇಲಿನದು.

ಅಲ್ಲಿಯ ಕೆಲಸಗಾರರಿಗೆ ಆ ಉದ್ಯಮದಲ್ಲೇ ಕೆಟ್ಟವರೆಂಬ ಹೆಸರಿತ್ತು. ಯಾವ ದಿನ ನೋಡಿದರೂ ನೂರಕ್ಕೆ ಇಪ್ಪತ್ತರಷ್ಟು ಮಂದಿ ಗೈರುಹಾಜರು. ಕುಡಿತ, ಜೂಜು, ಮೇಲಿಂದ ಮೇಲೆ ಮುಷ್ಕರ. ಕಾರ್ಮಿಕ ಸಂಘದವರು ದಾಖಲಿಸಿದ ದೂರುಗಳು ಸಾವಿರಗಟ್ಟಲೆ. ಬೇಕೆಂದೇ ಕಾರುಗಳಿಗೆ ಹಾನಿ ಮಾಡುತ್ತಿದ್ದವರೂ ಇದ್ದರು. ಕಡೆಗೆ 1982ರಲ್ಲಿ ಕಂಪನಿ ಕಾರ್ಖಾನೆಯನ್ನು ಮುಚ್ಚಿತು. ಆಳು ಸರಿಯಿಲ್ಲ ಎಂದು ಯಜಮಾನರು. ಯಜಮಾನ ಸರಿಯಿಲ್ಲ ಎಂದು ಆಳುಗಳು. ಈ ಸಂವಾದ ನಮಗೇನೂ ಹೊಸದಲ್ಲ.

ಅದೇ ಹೊತ್ತಿಗೆ ಜಪಾನಿನ ಟೊಯೊಟಾ ಕಂಪನಿಗೆ ಅಮೆರಿಕದಲ್ಲಿ ಕಾರು ತಯಾರಿಸಿ ಅನುಭವ ಪಡೆಯಬೇಕಾಗಿತ್ತು. ಜನರಲ್ ಮೋಟಾರ್ಸ್‌ಗೆ ಸಣ್ಣ ಕಾರನ್ನು ಒಳ್ಳೆಯ ಗುಣಮಟ್ಟದಲ್ಲಿ ತಯಾರಿಸುವ ವಿದ್ಯೆ ಬೇಕಾಗಿತ್ತು. ಇಬ್ಬರೂ ಕೂಡಿ 1983ರಲ್ಲಿ ಒಪ್ಪಂದ ಮಾಡಿಕೊಂಡು ಮುಚ್ಚಿದ ಫ್ರೀಮಾಂಟ್ ಕಾರ್ಖಾನೆಯನ್ನೇ ಮತ್ತೆ ತೆರೆದರು. ಹೊಸ ಸಂಸ್ಥೆಯ ಹೆಸರು ನ್ಯೂ ಯುನೈಟೆಡ್ ಮೋಟಾರ್ ಮ್ಯಾನುಫ್ಯಾಕ್ಚರಿಂಗ್, ಚಿಕ್ಕದಾಗಿ ನೂಮಿ. ಬಂಡವಾಳ ಇಬ್ಬರದು, ನಡೆಸುವ ಹೊಣೆ ಟೊಯೊಟಾದವರದು. ಹಳೆಯ ಕಾರ್ಮಿಕ ಸಂಘಕ್ಕೆ ಮಾನ್ಯತೆ ಕೊಟ್ಟು, ಮೊದಲು ಸೇರಿಸಿಕೊಂಡ ಸುಮಾರು 2,200 ಕೆಲಸಗಾರರಲ್ಲಿ ನೂರಕ್ಕೆ 85ರಷ್ಟು ಮಂದಿಯನ್ನು ಅದೇ ಕೆಟ್ಟ ಹೆಸರಿನ ಹಳಬರಿಂದಲೇ ಆರಿಸಿದರು. 1984ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂತು. ಎರಡು ವರ್ಷ ತುಂಬುವುದರೊಳಗೆ ಜನರಲ್ ಮೋಟಾರ್ಸ್‌ನ ಬೇರಾವ ಕಾರ್ಖಾನೆಗಿಂತಲೂ ಇಲ್ಲಿ ತಲಾ ಉತ್ಪಾದನೆ ಹೆಚ್ಚಾಗಿತ್ತು. ಗುಣಮಟ್ಟ ಜಪಾನಿನ ಕಾರ್ಖಾನೆಗೆ ಹತ್ತಿರ ಬಂದಿತ್ತು. ಗೈರುಹಾಜರಿ ನೂರಕ್ಕೆ ಇಪ್ಪತ್ತರಿಂದ ಎರಡು, ಮೂರು, ನಾಲ್ಕಕ್ಕೆ ಇಳಿದಿತ್ತು.

ಕಟ್ಟಡ ಅದೇ, ಊರು ಅದೇ, ಕಾರ್ಮಿಕ ಸಂಘ ಅದೇ, ಆಳು ಅದೇ. ಯಂತ್ರಗಳಲ್ಲೂ ಅಂಥ ಅದ್ಭುತವಾದ ಹೊಸತೇನಿರಲಿಲ್ಲ. ಹಾಗಾದರೆ ಬದಲಾದದ್ದೇನು?

ಉಪನ್ಯಾಸಗಳಿಂದ ಬದಲಾಗಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಟೊಯೊಟಾದವರು ಗುಂಪಿನ ಮುಂದಾಳುಗಳನ್ನು, ಅಂದರೆ ನಮ್ಮ ಮೇಸ್ತ್ರಿಗಳಂಥವರನ್ನು, ಸುಮಾರು 450 ಮಂದಿಯನ್ನು ತಂಡ ತಂಡವಾಗಿ ಜಪಾನಿಗೆ ಕರೆದೊಯ್ದು ಮೂರು ವಾರ ತಮ್ಮ ಕಾರ್ಖಾನೆಯಲ್ಲೇ ಕೆಲಸಕ್ಕೆ ನಿಲ್ಲಿಸಿದರು. ಅಲ್ಲಿ ಅವರು ಕಂಡದ್ದು ಸಾಲಿನ ಉದ್ದಕ್ಕೂ ತಲೆಯ ಮೇಲೆ ಕಟ್ಟಿದ್ದ ಒಂದು ಹಗ್ಗವನ್ನು. ಯಾವ ಕೆಲಸಗಾರನಿಗೇ ಆಗಲಿ ತನ್ನ ಕೆಲಸದಲ್ಲಿ ಏನಾದರೂ ತೊಡಕು ಕಂಡರೆ, ಭಾಗ ಸರಿಯಾಗಿ ಕೂರದಿದ್ದರೆ, ಸಮಯ ಸಾಲದಿದ್ದರೆ ಆ ಹಗ್ಗ ಎಳೆಯಬೇಕು. ಎಳೆದೊಡನೆ ದೀಪ ಹತ್ತಿ ಒಂದು ರಾಗ ನುಡಿಯುತ್ತದೆ, ಮುಂದಾಳು ಓಡಿ ಬರುತ್ತಾನೆ. ಬಂದವನು ಬಯ್ಯುವುದಿಲ್ಲ, ಏನಾಯಿತೆಂದು ಕೇಳಿ ಕೈಹಾಕುತ್ತಾನೆ. ಆ ಕಾರು ಅಲ್ಲಿಯ ಗೆರೆ ದಾಟುವುದರೊಳಗೆ ಸರಿಹೋದರೆ ಇನ್ನೊಮ್ಮೆ ಎಳೆದು ದೀಪ ಆರಿಸುತ್ತಾರೆ. ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಸಾಲು ನಿಲ್ಲಿಸುವುದೆಂದರೆ ಕೆಲಸ ಕಳೆದುಕೊಳ್ಳುವುದೆಂದೇ ಇಪ್ಪತ್ತು ವರ್ಷ ತಿಳಿದಿದ್ದ ಫ್ರೀಮಾಂಟಿನವರಿಗೆ ಇದು ಕಣ್ಣಾರೆ ಕಂಡರೂ ನಂಬುವಂತಿರಲಿಲ್ಲ.

ಈ ಹಗ್ಗದ ಮೂಲ ಮೋಟಾರಿನಲ್ಲಿಲ್ಲ, ಮಗ್ಗದಲ್ಲಿದೆ. ಟೊಯೊಟಾ ಮನೆತನದ ಹಿರಿಯ ಸಾಕಿಚಿ ಟೊಯೊಡಾ ಎಂಬವರು ಮಗ್ಗಗಳನ್ನು ಸುಧಾರಿಸಿದವರು. ಒಂದು ನೂಲು ಕಡಿದೊಡನೆ ತಾನಾಗಿ ನಿಲ್ಲುವ ಮಗ್ಗವನ್ನು ಅವರು ರೂಪಿಸಿದರು. 1924ರ ಅವರ ಮಗ್ಗ ಎಷ್ಟು ಹೆಸರಾಯಿತೆಂದರೆ 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಪ್ರಸಿದ್ಧ ಕಂಪನಿಯೇ ಅದರ ಹಕ್ಕನ್ನು 1,00,000 ಪೌಂಡಿಗೆ ಕೊಂಡಿತು. ನೂಲು ಕಡಿದ ಮೇಲೂ ನೇಯುತ್ತಲೇ ಹೋದರೆ ಬಟ್ಟೆ ಗಜಗಟ್ಟಲೆ ಕೆಡುತ್ತದೆ. ಕಡಿದಲ್ಲೇ ನಿಂತರೆ ಒಂದು ಗಂಟು ಹಾಕಿದರೆ ಸಾಕು. ಇದು ಅಜ್ಜಿಯಂದಿರಿಗೂ ತಿಳಿದ ವಿಚಾರ. ಅದನ್ನು ಸಾವಿರಾರು ಜನರ ಕಾರ್ಖಾನೆಗೆ ಅಳವಡಿಸುವುದರಲ್ಲಿ ಇವರ ಹೆಚ್ಚಳವಿದೆ.

ಆದರೆ ಹಗ್ಗ ಕಟ್ಟಿದ ಮಾತ್ರಕ್ಕೆ ಯಾರೂ ಎಳೆಯುವುದಿಲ್ಲ. ಎಳೆದರೆ ನನಗೇನಾದೀತು ಎಂದು ಪ್ರತಿಯೊಬ್ಬನೂ ಮೊದಲು ಲೆಕ್ಕ ಹಾಕುತ್ತಾನೆ. ಈ ಲೆಕ್ಕ ತಪ್ಪಿಸಲು ನೂಮಿಯವರು ಒಂದು ವಚನವನ್ನು ಬರವಣಿಗೆಯಲ್ಲಿ ಕೊಟ್ಟರು: ಸಂಸ್ಥೆಯ ಅಸ್ತಿತ್ವಕ್ಕೇ ಸಂಚಕಾರ ಬಂದ ಹೊರತು, ಮೇಲಧಿಕಾರಿಗಳ ಸಂಬಳ ಕಡಿತವೇ ಮುಂತಾದ ಕ್ರಮಗಳನ್ನು ಮೊದಲು ಕೈಗೊಂಡ ಹೊರತು, ಒಬ್ಬ ಕೆಲಸಗಾರನನ್ನೂ ತೆಗೆಯುವುದಿಲ್ಲ ಎಂದು. ವಚನ ಕೊಡುವುದು ಸುಲಭ. 1988ರ ಸುಮಾರಿಗೆ ಆ ಕಾರಿಗೆ ಬೇಡಿಕೆ ಬಿದ್ದು ಕಾರ್ಖಾನೆ ಅರೆಹೊಟ್ಟೆಯಲ್ಲಿ ನಡೆಯಬೇಕಾಯಿತು. ಆಗಲೂ ಒಬ್ಬರನ್ನೂ ಮನೆಗೆ ಕಳುಹಿಸಲಿಲ್ಲ. ತರಬೇತಿ ಕೊಟ್ಟರು, ಹೊರಗಿನ ಗುತ್ತಿಗೆಗೆ ಕೊಡುತ್ತಿದ್ದ ಕೆಲಸವನ್ನು ಒಳಗಿನವರಿಗೇ ವಹಿಸಿದರು. ಹಗ್ಗದ ಮೇಲಿನ ನಂಬಿಕೆ ಆ ವರ್ಷ ಗಟ್ಟಿಯಾಯಿತೆಂದು ನಾವು ತಿಳಿಯುತ್ತೇವೆ. ಟೊಯೊಟಾದವರಿಗೆ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. 1950ರಲ್ಲಿ ಜಪಾನಿನಲ್ಲೇ ಅವರು ಬಹು ಮಂದಿಯನ್ನು ಕೆಲಸದಿಂದ ತೆಗೆದು, ದೊಡ್ಡ ಮುಷ್ಕರವೆದ್ದು, ಅಧ್ಯಕ್ಷ ಕೀಚಿರೋ ಟೊಯೊಡಾ ರಾಜೀನಾಮೆ ಕೊಡಬೇಕಾಗಿ ಬಂದಿತ್ತು. ಆ ಪೆಟ್ಟಿನಿಂದ ಕಲಿತ ಪಾಠವಿದು.

ಇನ್ನೊಂದು ಅಂಶವನ್ನು ಪುಸ್ತಕಗಳು ಸಾಕಷ್ಟು ಎತ್ತಿ ಹೇಳುವುದಿಲ್ಲ. ಹಳೆಯ ಕಾರ್ಖಾನೆಯಲ್ಲಿ ಕೈಗಡಿಯಾರ ಹಿಡಿದ ಎಂಜಿನಿಯರು ಬಂದು ಕೆಲಸದ ರೀತಿ ನಿಗದಿ ಮಾಡುತ್ತಿದ್ದ. ಅವನು ಬೆನ್ನು ತಿರುಗಿಸಿದೊಡನೆ ಕೆಲಸಗಾರ ತನ್ನದೇ ರೀತಿಯಲ್ಲಿ ಮಾಡುತ್ತಿದ್ದ. ನೂಮಿಯಲ್ಲಿ ಕೆಲಸಗಾರರೇ ಒಬ್ಬರನ್ನೊಬ್ಬರು ಅಳೆದು, ಸುಲಭವಾದ ರೀತಿಯನ್ನು ಕಂಡು, ಬರೆದಿಟ್ಟುಕೊಂಡರು. ಕೆಲಸ ಹಗುರವಾಯಿತೆಂದು ಇದರರ್ಥವಲ್ಲ. ಬಿಡುವು ಹಿಂದಿಗಿಂತ ಕಡಿಮೆಯೇ ಆಯಿತು, ನಿಮಿಷದ ಲೆಕ್ಕ ಬಿಗಿಯಾಯಿತು, ಅದರ ಬಗ್ಗೆ ಗೊಣಗಿದವರೂ ಇದ್ದರು. ಆದರೂ ಹಳೆಯ ಪದ್ಧತಿಗೆ ಮರಳೋಣವೆಂದವರು ವಿರಳ. ಈ ಕಾರ್ಖಾನೆಯಲ್ಲಿ ಟೊಯೊಟಾದ ಪರವಾಗಿ ದುಡಿದ ಜಾನ್ ಶುಕ್ ಎಂಬ ಅಮೆರಿಕದವರು 2010ರಲ್ಲಿ ಬರೆದ ಲೇಖನವೊಂದರ ತಾತ್ಪರ್ಯ ನಮಗೆ ಬಹಳ ಹಿಡಿಸಿತು. ಜನರ ಮನಸ್ಸನ್ನು ಮೊದಲು ತಿದ್ದಿ ಆಮೇಲೆ ನಡತೆ ತಿದ್ದಲು ಹೋಗಬೇಡಿ. ಮಾಡುವ ಕೆಲಸದ ರೀತಿಯನ್ನು ಬದಲಿಸಿ, ಮನಸ್ಸು ಹಿಂದೆ ಬರುತ್ತದೆ ಎಂಬುದು ಅವರ ಅಭಿಪ್ರಾಯ. ಸಹಕಾರಿ ಸಪ್ತಾಹದ ಭಾಷಣಗಳನ್ನು ವರ್ಷ ವರ್ಷವೂ ಕೇಳುತ್ತ, ಕೆಲವೊಮ್ಮೆ ಮಾಡುತ್ತ ಬಂದ ನಮಗೆ ಇದು ಚಿಂತನೆಗೆ ಹಚ್ಚಿದ ಮಾತು.

ಇಷ್ಟೆಲ್ಲ ತನ್ನ ಮನೆಯಂಗಳದಲ್ಲೇ ನಡೆಯಿತಲ್ಲ, ಜನರಲ್ ಮೋಟಾರ್ಸ್ ತನ್ನ ಉಳಿದ ಕಾರ್ಖಾನೆಗಳಲ್ಲಿ ಏಕೆ ಅನುಸರಿಸಲಿಲ್ಲ? ಪ್ರಯತ್ನವೇನೋ ಪಟ್ಟಿತು. ಅದೇ ರಾಜ್ಯದ ದಕ್ಷಿಣದಲ್ಲಿ ವ್ಯಾನ್ ನೈಸ್ ಎಂಬಲ್ಲಿಯ ಕಾರ್ಖಾನೆಯಲ್ಲಿ ಕೆಲಸಗಾರರ ತಂಡಗಳನ್ನು ಮಾಡಿದರು, ಹಗ್ಗವನ್ನೂ ಕಟ್ಟಿದರು. ನೂಮಿಯನ್ನು ಇಂಚಿಂಚೂ ಬಿಡದೆ ಫೋಟೋ ತೆಗೆದು ತಂದು ಹಾಗೆಯೇ ಮಾಡೋಣವೆಂದ ಅಧಿಕಾರಿಗಳೂ ಇದ್ದರೆಂದು ಅಲ್ಲಿದ್ದವರು ಹೇಳಿದ್ದಾರೆ. ಆದರೆ ಹಗ್ಗ ಎಳೆದಾಗ ಓಡಿ ಬರುವವನ ಫೋಟೋ ತೆಗೆಯಬಹುದೇ ಹೊರತು, ಬಂದವನು ಏಕೆ ಬಯ್ಯುವುದಿಲ್ಲ ಎಂಬುದರ ಫೋಟೋ ತೆಗೆಯಲಾಗುವುದಿಲ್ಲ. ವ್ಯಾನ್ ನೈಸ್‌ನ ಮೇಲ್ವಿಚಾರಕರಿಗೆ ತಮ್ಮ ಅಧಿಕಾರ ಹೋಗುತ್ತದೆಂಬ ಆತಂಕ. ಕೆಲಸಗಾರರಿಗೆ ಇದೊಂದು ಹೊಸ ಉಪಾಯವೆಂಬ ಸಂಶಯ. ದಿನದ ಲೆಕ್ಕ ಮಾತ್ರ ಹಿಂದಿನಂತೆಯೇ ಕಾರಿನ ಸಂಖ್ಯೆಯದು. 1992ರಲ್ಲಿ ಆ ಕಾರ್ಖಾನೆ ಮುಚ್ಚಿತು. ಇಡೀ ಜನರಲ್ ಮೋಟಾರ್ಸ್ ಕಂಪನಿಯೇ 2009ರ ಜೂನ್ 1ರಂದು ದಿವಾಳಿ ಅರ್ಜಿ ಹಾಕಿತು. ಅದು ಕೈಬಿಟ್ಟ ಮೇಲೆ ನೂಮಿಯೂ 2010ರ ಏಪ್ರಿಲಿನಲ್ಲಿ ನಿಂತಿತು. ಆ ಕಟ್ಟಡವನ್ನು ಟೆಸ್ಲಾ ಕಂಪನಿ ಕೊಂಡಿತು.

ಕೆಟ್ಟ ಸುದ್ದಿ ಮೇಲಕ್ಕೆ ಬರುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಇನ್ನೊಂದು ನಿದರ್ಶನ ಆಸ್ಪತ್ರೆಗಳದು. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದರು. ಹೊಂದಿಕೊಂಡು ಕೆಲಸ ಮಾಡುವ ದಾದಿಯರ ತಂಡದಲ್ಲಿ ತಪ್ಪು ಕಡಿಮೆಯಿರಬೇಕೆಂದು ಅವರ ಎಣಿಕೆ. ಲೆಕ್ಕ ತಿರುಗುಮುರುಗಾಗಿ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು! ಒಳಹೊಕ್ಕು ನೋಡಿದಾಗ ತಿಳಿದದ್ದು, ಅಲ್ಲಿ ತಪ್ಪುಗಳು ಹೆಚ್ಚು ಆಗುತ್ತಿರಲಿಲ್ಲ, ಹೆಚ್ಚು ಹೇಳಲ್ಪಡುತ್ತಿದ್ದವು. ಹಿರಿಯ ದಾದಿ ಗದರಿಸುವ ವಾರ್ಡಿನಲ್ಲಿ ಪುಸ್ತಕ ಚೊಕ್ಕಟವಾಗಿತ್ತು.

ಇದನ್ನೋದಿದಾಗ ನಮ್ಮ ಕಣ್ಣ ಮುಂದೆ ಬಂದದ್ದು ಅರೇಬಿಕಾ ತೋಟದ ಬಿಳಿ ಕಾಂಡಕೊರಕ. ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ದುಂಬಿ ಹಾರುವ ಕಾಲ. ಅದಕ್ಕೆ ಮುಂಚೆ ಸಾಲು ಸಾಲಾಗಿ ನಡೆದು, ಕಾಂಡದ ಮೇಲೆ ಉಬ್ಬುಗೆರೆ ಕಂಡ, ಎಲೆ ಹಳದಿಯಾದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕೆಂಬುದು ತಮಗೆಲ್ಲ ತಿಳಿದದ್ದೇ. ಗುರುತಿಸುವವರು ಹೆಚ್ಚಾಗಿ ಹೆಣ್ಣಾಳುಗಳು. ಒಬ್ಬಾಕೆ ಸಂಜೆ ಬಂದು 'ನಲವತ್ತು ಗಿಡ ಸಿಕ್ಕಿತು' ಎಂದಳೆನ್ನಿ. ಸಾಹುಕಾರರ ಮುಖ ಕಪ್ಪಿಡುತ್ತದೆ. 'ಅಷ್ಟೆಲ್ಲ ಎಲ್ಲಿಂದ ಬಂತು, ಸರಿಯಾಗಿ ನೋಡಿದೆಯಾ' ಎಂದು ಗದರುತ್ತಾರೆ. ಮರುದಿನ ಹತ್ತೇ ಸಿಗುತ್ತದೆ. ಸಾಹುಕಾರರಿಗೆ ಸಮಾಧಾನ, ಆಳಿಗೆ ಸಮಾಧಾನ, ದುಂಬಿಗಂತೂ ಪರಮ ಸಮಾಧಾನ. ಬೋರ್ಡೋ ದ್ರಾವಣದ ವಿಷಯವೂ ಹೀಗೆಯೇ. ಮರದ ಮೇಲಿರುವವನಿಗೆ ಮದ್ದು ಕಡಿಮೆ ಬಿದ್ದರೆ, ಮಳೆ ಹನಿ ಬಿದ್ದು ಕೆಲವು ಗೊನೆ ತಪ್ಪಿದರೆ, ಕೆಳಗಿಳಿದು ಹಾಗೆಂದು ಹೇಳಿದಾಗ ಕೂಲಿ ಕಡಿಯುವ ಯಜಮಾನನಿಗೆ ಅವನು ಏಕೆ ಹೇಳಬೇಕು? ಹೇಳುವುದು ಮಾತ್ರ ತಪ್ಪುವುದಿಲ್ಲ. ಆಗಸ್ಟಿನಲ್ಲಿ ಉದುರಿದ ಕಾಯಿ ಹೇಳುತ್ತದೆ.

ಗುಣಮಟ್ಟದ ವಿಷಯದಲ್ಲಿ ಜಪಾನೀಯರಿಗೆ 1950ರಿಂದ ಪಾಠ ಹೇಳಿದ ಡೆಮಿಂಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಆಡಳಿತಗಾರರಿಗಾಗಿ 14 ಸೂತ್ರ ಬರೆದಿದ್ದಾರೆ. ಭಯವನ್ನು ಸಂಸ್ಥೆಯಿಂದ ಹೊರಗಟ್ಟಬೇಕೆಂಬುದು ಅವುಗಳಲ್ಲೊಂದು. ತೊಂದರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ಕೆಲಸಗಾರನಿಂದಲ್ಲ, ವ್ಯವಸ್ಥೆಯಿಂದ ಬರುವವು ಎಂಬುದು ಅವರ ಅಂದಾಜು. ಅಂಕಿಯನ್ನು ನಾವು ಅಕ್ಷರಶಃ ನಂಬಬೇಕಾಗಿಲ್ಲ, ದಿಕ್ಕು ಸರಿಯಿದೆ.

ಹೊಸ ಆಲೋಚನೆ ಅಥವಾ ಸೃಜನಶೀಲತೆ ಎಂಬುದರ ಮೇಲಿನ ಪುಸ್ತಕಗಳೂ ತಿರುಗಿ ಇದೇ ಬಾಗಿಲಿಗೆ ಬರುತ್ತವೆ. ಕಛೇರಿಗಳಲ್ಲಿ ಅಂಟಿಸಿ ಕೀಳುವ ಹಳದಿ ಚೀಟಿಯನ್ನು ತಾವು ನೋಡಿರುತ್ತೀರಿ. ಅಮೆರಿಕದ 3 ಎಂ ಕಂಪನಿಯಲ್ಲಿ 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಎಂಬ ರಸಾಯನಶಾಸ್ತ್ರಜ್ಞರು ಗಟ್ಟಿ ಅಂಟು ಮಾಡಲು ಹೋದಾಗ ದುರ್ಬಲ ಅಂಟೊಂದು ಹುಟ್ಟಿತು. ಅದನ್ನು ಅವರು ಮುಚ್ಚಿಡದೆ ವರ್ಷಗಟ್ಟಲೆ ಕಂಪನಿಯೊಳಗೆ ಎಲ್ಲರಿಗೂ ತೋರಿಸುತ್ತ ತಿರುಗಿದರು. 1974ರಲ್ಲಿ ಆರ್ಟ್ ಫ್ರೈ ಎಂಬ ಸಹೋದ್ಯೋಗಿಗೆ ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿ ಜಾರಿ ಬೀಳುವ ಕಿರಿಕಿರಿಗೆ ಅದೇ ಮದ್ದೆಂದು ಹೊಳೆಯಿತು. 1980ರಲ್ಲಿ ಆ ಚೀಟಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು. ಇದಕ್ಕೆ ವ್ಯತಿರಿಕ್ತವಾದದ್ದು ಕೊಡಕ್ ಕಂಪನಿಯ ಕಥೆ. ಅದರ ಎಂಜಿನಿಯರು ಸ್ಟೀವನ್ ಸ್ಯಾಸನ್ 1975ರಲ್ಲೇ ಫಿಲ್ಮಿಲ್ಲದ ಕ್ಯಾಮರಾ ಮಾಡಿ ತೋರಿಸಿದ್ದರು. ಆ ಬಗೆಯ ಕ್ಯಾಮರಾ ಫಿಲ್ಮನ್ನು ಹಿಂದಕ್ಕೆ ತಳ್ಳಲು ಸುಮಾರು ಹತ್ತು ವರ್ಷ ಬೇಕೆಂದು 1981ರಲ್ಲಿ ಕಂಪನಿಯದೇ ಅಧ್ಯಯನ ಎಚ್ಚರಿಸಿತ್ತು. ಸುದ್ದಿ ಮೇಲಿನವರೆಗೂ ತಲುಪಿತ್ತು, ಆದರೆ ಫಿಲ್ಮಿನ ಲಾಭ ಬಿಡಲು ಮನಸ್ಸು ಬರಲಿಲ್ಲ. 2012ರ ಜನವರಿಯಲ್ಲಿ ದಿವಾಳಿ. ಒಂದೇ ಬೆಳೆಯನ್ನು, ಒಂದೇ ಮಾರುಕಟ್ಟೆಯನ್ನು ನಂಬಿದ ನಮಗೆ ಈ ಕಥೆಯಲ್ಲಿ ಚುಚ್ಚುವ ಮುಳ್ಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯ ಬಗ್ಗೆ ಹೇಳಿದ್ದು ನಮಗೆ ಹಿತವಾಗಿರಲಿಲ್ಲ. ಅದನ್ನು ಸದಸ್ಯರ ಸಭೆಯಲ್ಲಿ ಬಾಯಿಬಿಟ್ಟು ಚರ್ಚಿಸಿದ ಸಂಘಗಳು ಎಷ್ಟಿರಬಹುದು? ಆ ವಿಷಯಕ್ಕೆ ಬೇರೆ ಲೇಖನವೇ ಬೇಕು.

ಟೊಯೊಟಾದವರನ್ನು ಹೊಗಳಿ ಮುಗಿಸಿದರೆ ನಾವೂ ಗೆದ್ದವರ ಕಥೆ ಹೇಳಿದಂತಾದೀತು. 2009–10ರಲ್ಲಿ ತಾನಾಗಿ ವೇಗ ಹೆಚ್ಚುವ ದೂರಿನ ಮೇಲೆ ಅವರು ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅಧ್ಯಕ್ಷ ಅಕಿಯೊ ಟೊಯೊಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿ, ಸಿಬ್ಬಂದಿಯನ್ನು ತಯಾರು ಮಾಡಿದ್ದಕ್ಕಿಂತ ವೇಗವಾಗಿ ಕಂಪನಿ ಬೆಳೆಯಿತೆಂಬ ಅರ್ಥದ ಮಾತಾಡಿದರು. 2023ರ ಡಿಸೆಂಬರಿನಲ್ಲಿ ಅವರದೇ ಅಂಗಸಂಸ್ಥೆ ದೈಹತ್ಸು, ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ನಡೆದದ್ದು ಬಯಲಾಗಿ, ಕಾರು ರವಾನೆಯನ್ನೇ ನಿಲ್ಲಿಸಿತು. ಮೇಲಿನಿಂದ ಬಂದ ಅವಧಿಯ ಒತ್ತಡ, ಆಗದೆಂದು ಹೇಳಲಾಗದ ವಾತಾವರಣ ಇದಕ್ಕೆ ಕಾರಣವೆಂದು ತನಿಖಾ ಸಮಿತಿ ವರದಿ ಮಾಡಿತು. ಹಗ್ಗ ಕಂಡುಹಿಡಿದ ಮನೆಯಲ್ಲೇ ಹಗ್ಗ ಎಳೆಯಲು ಹೆದರಿದವರಿದ್ದರು.

ಇನ್ನು ನಮ್ಮ ಸಂಗತಿ. ಸಹಕಾರಿ ಸಂಘದ ಖರೀದಿ ಕೇಂದ್ರವೂ ಒಂದು ಬಗೆಯ ಸಾಲೇ. ಚೀಲ ಇಳಿಯುತ್ತದೆ, ಮಾದರಿ ತೆಗೆಯುತ್ತಾರೆ, ತೇವ ನೋಡುತ್ತಾರೆ, ದರ್ಜೆ ಕಟ್ಟುತ್ತಾರೆ, ತೂಗುತ್ತಾರೆ, ಗೋದಾಮಿಗೆ ಹೋಗುತ್ತದೆ. ಹೊಸ ಚಾಲಿಯೊಳಗೆ ಕರಿಗೋಟು ಬೆರೆತದ್ದು, ಒಣಗದ ಚೆರಿ ಕಾಫಿಯ ಚೀಲ ಒಣಗಿದವುಗಳ ನಡುವೆ ಸೇರಿದ್ದು ಮೊದಲು ತಿಳಿಯುವುದು ಯಾರಿಗೆ? ಚೀಲ ಹೊತ್ತ ಹಮಾಲಿಯ ಬೆನ್ನಿಗೆ. ಕಾರ್ಯದರ್ಶಿಗೆ ತಿಳಿಯುವುದು ಎರಡು ತಿಂಗಳ ಮೇಲೆ, ಗೋದಾಮಿನಲ್ಲಿ ಬೂಸಲು ವಾಸನೆ ಬಂದಾಗ. ನಷ್ಟ ಆಗ ಒಬ್ಬರದಲ್ಲ, ಎಲ್ಲ ಸದಸ್ಯರದು. ಹಮಾಲಿ ಏಕೆ ಹೇಳುವುದಿಲ್ಲವೆಂದರೆ ಆ ಚೀಲ ನಿರ್ದೇಶಕರೊಬ್ಬರ ಬಂಧುವಿನದಾಗಿರಬಹುದು. ಗುಮಾಸ್ತ ಏಕೆ ಹೇಳುವುದಿಲ್ಲವೆಂದರೆ ದಿನಕ್ಕಿಷ್ಟು ತೂಕವಾಯಿತೆಂದು ಫೋನಿನಲ್ಲಿ ವರದಿ ಕೊಡಬೇಕಾಗಿದೆ. ಅರ್ಧ ಚೀಲ ತಂದ ಸಣ್ಣ ಸದಸ್ಯನಿಗೆ ತನ್ನ ಮಾಲಿಗೆ ಕಟ್ಟಿದ ದರ್ಜೆ ಸರಿಯಲ್ಲವೆನ್ನಿಸಿದರೂ ಬಾಯಿ ಬರುವುದಿಲ್ಲ. ಮುಂದಿನ ಸಲ ಸುಮ್ಮನೆ ಹೊರಗಿನ ವ್ಯಾಪಾರಿಗೆ ಕೊಡುತ್ತಾನೆ. ಸದಸ್ಯ ಮೌನವಾಗಿ ಹೊರಟುಹೋಗುವುದು ಸಂಘಕ್ಕೆ ಬರುವ ರೋಗಗಳಲ್ಲಿ ಅತ್ಯಂತ ಅಪಾಯದ್ದೆಂದು ನಮ್ಮ ನಂಬಿಕೆ, ಏಕೆಂದರೆ ಅದಕ್ಕೆ ಉಬ್ಬುಗೆರೆಯೂ ಇಲ್ಲ, ಹಳದಿ ಎಲೆಯೂ ಇಲ್ಲ.

ಬರುವ ಸುಗ್ಗಿಯಲ್ಲಿ ಒಂದೇ ಒಂದು ಖರೀದಿ ಕೇಂದ್ರದಲ್ಲಿ ಪ್ರಯೋಗ ಮಾಡಿ ನೋಡುವ ಸಲಹೆಯನ್ನು ನಾವು ಆಡಳಿತ ಮಂಡಳಿಯ ಮುಂದಿಡಲಿದ್ದೇವೆ. ಖರ್ಚೇನೂ ಹೆಚ್ಚಿಲ್ಲ, ತಕ್ಕಡಿಯ ಪಕ್ಕ ಶಾಲೆಯಲ್ಲಿರುವಂಥ ಒಂದು ಗಂಟೆ. ಹಮಾಲಿ, ಗುಮಾಸ್ತ, ವಾಹನದ ಚಾಲಕ, ಸದಸ್ಯ, ಯಾರು ಬೇಕಾದರೂ ಬಾರಿಸಬಹುದು. ಬಾರಿಸಿದೊಡನೆ ದರ್ಜೆ ಕಟ್ಟುವವರು ಎದ್ದು ಅಲ್ಲಿಗೆ ಬರಬೇಕು, ಬರುವತನಕ ಆ ತಕ್ಕಡಿಯಲ್ಲಿ ತೂಕವಿಲ್ಲ. ಪುಸ್ತಕದಲ್ಲಿ ಏನು ಕಂಡಿತೆಂದು ಬರೆಯಬೇಕು, ಯಾರು ಬಾರಿಸಿದರೆಂದು ಬರೆಯಕೂಡದು. ಗಂಟೆ ಬಾರಿಸಿದ ಕಾರಣಕ್ಕೆ ಯಾರ ಕೂಲಿಯೂ ಕಡಿಯುವಂತಿಲ್ಲ, ಯಾರ ಕೆಲಸವೂ ಹೋಗುವಂತಿಲ್ಲ. ಇದು ಮಂಡಳಿಯ ನಿರ್ಣಯವಾಗಿ ಬರಹದಲ್ಲಿರಬೇಕು. ತಿಂಗಳಿಗೊಮ್ಮೆ ಆ ಪುಸ್ತಕವನ್ನು ಕೇಂದ್ರದ ಜಗಲಿಯಲ್ಲೇ ಓದಿ ಹೇಳಬೇಕು. ಮೊದಲ ತಿಂಗಳು ತೊಂದರೆಗಳ ಪಟ್ಟಿ ಉದ್ದವಾದರೆ ಆಸ್ಪತ್ರೆಯ ದಾದಿಯರನ್ನು ನೆನೆದುಕೊಂಡು ತಾಳ್ಮೆಯಿಂದಿರಬೇಕು.

ಆಕ್ಷೇಪಣೆ ಇದ್ದೇ ಇದೆ. ಜನವರಿಯ ಶನಿವಾರ ಕೇಂದ್ರದ ಮುಂದೆ ಪಿಕಪ್ಪು, ಜೀಪುಗಳ ಸಾಲು ರಸ್ತೆಯವರೆಗೆ ನಿಂತಿರುವಾಗ ಯಾರೋ ಗಂಟೆ ಬಾರಿಸಿ ತೂಕ ನಿಂತಿತೆನ್ನಿ, ಹಿಂದೆ ಕಾದವರು ಸುಮ್ಮನಿದ್ದಾರೆಯೇ? ಬಾರಿಸಿದವನು ಹಮಾಲಿಯಾದರೆ ನಾಲ್ಕು ಮಾತು ಹೆಚ್ಚೇ ಬಿದ್ದೀತು. ಎರಡು ತಕ್ಕಡಿ ಇಟ್ಟರೆ ಆಗಬಹುದೇ, ಸಂಶಯದ ಚೀಲವನ್ನು ಪಕ್ಕಕ್ಕಿಟ್ಟು ಸಂಜೆ ನೋಡಿದರೆ ಸಾಕೇ, ಹಾಗೆ ಪಕ್ಕಕ್ಕಿಟ್ಟದ್ದು ಮತ್ತೆ ಫ್ರೀಮಾಂಟಿನ ಅಂಗಳವಾಗದೇ ಎಂಬ ಬಗ್ಗೆ ನಮಗೂ ತೀರ್ಮಾನವಾಗಿಲ್ಲ. ಯಾವ ಕೇಂದ್ರದಿಂದ ಆರಂಭಿಸಬಹುದು, ಸರದಿ ಉದ್ದವಿದ್ದ ದಿನ ಏನು ಮಾಡಬೇಕು ಎಂಬುದನ್ನು ಸದಸ್ಯರು ಒಂದು ಚೀಟಿಯಲ್ಲಿ ಬರೆದು, ಹೆಸರು ಹಾಕಲು ಮನಸ್ಸಿಲ್ಲದವರು ಹಾಕದೆಯೇ, ಕೊಯ್ಲು ಹಿಡಿಯುವ ಮೊದಲು ಕಛೇರಿಯ ಪೆಟ್ಟಿಗೆಯಲ್ಲಿ ಹಾಕಬಹುದು.